ಇವಿ (ಎಲೆಕ್ಟ್ರಿಕ್ ವಾಹನ) ಚಾರ್ಜರ್ ಹಾಕಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಚಾರ್ಜರ್ ಬುಕ್ ಮಾಡುವ ಮೊದಲು ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ (ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್) ಎಷ್ಟು ಕಿಲೋವ್ಯಾಟ್ ಅಂತ ನೋಡಿ. 3 ಅಥವಾ 5 ಇದ್ದರೆ 7.2 ಕಿಲೋವ್ಯಾಟ್ ಚಾರ್ಜರಿಗೆ ಸಾಲದು, ಬೆಸ್ಕಾಂಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಬೇಕು. ದಿನಕ್ಕೆ 50-60 ಕಿ.ಮೀ. ಓಡಿಸುವವರಿಗೆ ಕಾರಿನ ಜೊತೆ ಬರುವ 3.3 ಕಿಲೋವ್ಯಾಟ್ ಪೋರ್ಟಬಲ್ ಚಾರ್ಜರೇ ಧಾರಾಳ.

ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ. 16 ಆಂಪ್‌ಗೆ (3.3 ಕಿಲೋವ್ಯಾಟ್ ಚಾರ್ಜರ್) 4 ಚ.ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್). 32 ಆಂಪ್‌ಗೆ (7.2 ಕಿಲೋವ್ಯಾಟ್ ಚಾರ್ಜರ್) 6 ಚ.ಮಿ.ಮೀ., 40 ಆಂಪ್ ಎಂಸಿಬಿ. ಬೇಸ್‌ಮೆಂಟ್ ದೂರವಿದ್ದರೆ 10 ಚ.ಮಿ.ಮೀ. ಎರಡೂ ಬಗೆಯ ಚಾರ್ಜರಿಗೆ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಬೇಕು, ಅದೂ 'ಟೈಪ್ ಎ' (ಡಿಸಿ ಬೆರೆತ ಸೋರಿಕೆಯನ್ನೂ ಹಿಡಿಯುವಂಥದ್ದು). ಅಂಗಡಿಯವರು ಸಾಮಾನ್ಯವಾಗಿ 'ಎಸಿ' ಟೈಪ್ ಕೊಡುತ್ತಾರೆ, ಕೇಳಿ ತಗೊಳ್ಳಿ.

ಚಾರ್ಜರಿನಲ್ಲಿ ಕೆಂಪು ದೀಪ ಬಂದು ಚಾರ್ಜಿಂಗ್ ನಿಂತರೆ ಕಾರನ್ನು ಬೈಯಬೇಡಿ, ಮೊದಲು ಅರ್ಥಿಂಗ್ ನೋಡಿಸಿ. ನ್ಯೂಟ್ರಲ್–ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟಾಗ 2-3 ವೋಲ್ಟ್ ಒಳಗಿದ್ದರೆ ಸರಿ. ಹತ್ತು ದಾಟಿದರೆ ಅರ್ಥ್ ಪಿಟ್ (ಅರ್ಥಿಂಗಿಗೆ ನೆಲದಲ್ಲಿ ತೋಡಿದ ಗುಂಡಿ) ಒಣಗಿರಬಹುದು, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲ. ಬೇಸಿಗೆಯಲ್ಲಿ ಇದು ಜಾಸ್ತಿ. ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಸೇರಿಸಿ "ಸರಿ ಮಾಡುವ" ಎಲೆಕ್ಟ್ರಿಷಿಯನ್ ಬಂದರೆ ವಾಪಸ್ ಕಳಿಸಿ. ನ್ಯೂಟ್ರಲ್ ಕಡಿದರೆ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ.

ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಗಂಟೆಗಟ್ಟಲೆ 15 ಆಂಪ್ ಎಳೆದಾಗ ಅದರ ಪಿನ್ ಕಾದು ಪ್ಲಾಸ್ಟಿಕ್ ಕರಗುತ್ತದೆ. ಹೊಸ ಸಾಕೆಟ್ ಆದರೂ ಮೊದಲ ಸಲ ಅರ್ಧ ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಮೇನ್ ಆಫ್ ಮಾಡಿಸಿ, ಒಳಗಿನ ಸ್ಕ್ರೂ ಬಿಗಿ ಮಾಡಿಸಿ.

ತ್ರೀ ಫೇಸ್ ಇರುವವರು ಗೀಸರ್ ಇರುವ ಫೇಸಿಗೆ ಚಾರ್ಜರ್ ಕೊಡಿಸಬೇಡಿ, ಎರಡರ ಲೋಡೂ ಒಂದೇ ಫೇಸಿನ ಮೇಲೆ ಬೀಳುತ್ತದೆ.