ಚೆಂಡು ಕೈಗೆ ಬಂದ ಕೂಡಲೇ

ಪ್ರೀತಿಯ ಪುಟ್ಟಾ,

ರಗ್ಬಿ ಆಟದಲ್ಲಿ ಮುರಿದ ನಿನ್ನ ಕೆನ್ನೆಯ ಮೂಳೆ ಕೂಡಿದ ವಿಷಯ ಅಕ್ಕ ಫೋನಿನಲ್ಲಿ ಹೇಳಿದ್ದಳು. ಆದರೆ ನಿನ್ನ ಕಾಗದದ ಒಂದು ಸಾಲು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. 'ಮಾವ, ಚೆಂಡು ಕೈಗೆ ಬಂದ ಕೂಡಲೇ ಯಾರಿಗಾದರೂ ಎಸೆದುಬಿಡ್ತೀನಿ.'

ಆ ಭಯ ನನಗೆ ಗೊತ್ತು ಕಣೋ. ಕಾಲೇಜಿನಲ್ಲಿ ಹಾಕಿ ಆಡುವಾಗ ನನ್ನ ಮಣಿಕಟ್ಟು ಮುರಿದಿತ್ತು. ಆರು ವಾರಕ್ಕೆ ಸರಿಹೋಯ್ತು. ಆದರೂ ಮೈದಾನಕ್ಕೆ ಹೋಗಲಿಲ್ಲ. ಪರೀಕ್ಷೆ ಇದೆ ಅಂತ ಗೆಳೆಯರಿಗೆ ಸುಳ್ಳು ಹೇಳಿದೆ. ಆ ಸ್ಟಿಕ್ ಇನ್ನೂ ಅಟ್ಟದ ಮೇಲಿದೆ. ನಿನ್ನೆ ಇಳಿಸಿ ನೋಡಿದೆ, ಹಿಡಿಗೆ ಸುತ್ತಿದ ಟೇಪು ಈಗಲೂ ಕೈಗೆ ಅಂಟುತ್ತೆ.

ರಗ್ಬಿ ಆಟಗಾರ ರಿಚರ್ಡ್ ಶಾರ್ಪ್ ಹೆಸರು ಕೇಳಿರ್ತೀಯ. ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ, 1938ರಲ್ಲಿ. ನಿನ್ನ ಹಾಗೇ ಫ್ಲೈ-ಹಾಫ್, ಚೆಂಡು ಹಿಡಿದು ತಂಡದ ಆಟ ನಡೆಸುವವನು. ಆಕ್ಸ್‌ಫರ್ಡ್‌ನಲ್ಲಿ ಓದುವಾಗಲೇ, 1960ರಲ್ಲಿ, ಇಂಗ್ಲೆಂಡ್ ತಂಡಕ್ಕೆ ಬಂದರು. 1962ರಲ್ಲಿ ಬ್ರಿಟನ್, ಐರ್ಲೆಂಡಿನ ಆಯ್ದ ಆಟಗಾರರ ಲಯನ್ಸ್ ತಂಡದ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ, ಎದುರಾಳಿ ಕೆಡವಲು ಮೈಮೇಲೆ ಬಿದ್ದ ಒಂದು ಟ್ಯಾಕಲ್‌ಗೆ ಅವರ ಕೆನ್ನೆಯ ಮೂಳೆಯೂ ಮುರಿಯಿತು. ಮೊದಲ ಎರಡು ಟೆಸ್ಟ್ ತಪ್ಪಿದವು. ಆದರೆ ಅದೇ ಪ್ರವಾಸದಲ್ಲಿ ಮತ್ತೆ ಟೆಸ್ಟ್ ಆಡಿದರು.

ಮುಂದಿನ ವರ್ಷ ಅವರೇ ಇಂಗ್ಲೆಂಡ್ ಕ್ಯಾಪ್ಟನ್. ಟ್ವಿಕೆನ್‌ಹ್ಯಾಮ್‌ನಲ್ಲಿ ಸ್ಕಾಟ್ಲೆಂಡ್ ಮುಂದಿತ್ತು. ಈ ಎರಡು ತಂಡಗಳ ನಡುವಿನ ಕಲ್ಕತ್ತಾ ಕಪ್ಪಿನ ಪಂದ್ಯ, ನಮ್ಮ ಬೆಳ್ಳಿ ರೂಪಾಯಿಗಳನ್ನೇ ಕರಗಿಸಿ ಮಾಡಿದ ಕಪ್ಪು ಅದು. ಶಾರ್ಪ್ ಕೈಗೆ ಚೆಂಡು ಬಂತು. ಪಕ್ಕದವನಿಗೆ ಕೊಡುವ ಹಾಗೆ ತೋರಿಸಿದರು, ಕೊಡಲಿಲ್ಲ. ಸಂದಿಯಲ್ಲಿ ನುಗ್ಗಿ ಓಡಿದರು. ಮುಂದೆ ಇನ್ನೊಬ್ಬ ಅಡ್ಡ ಬಂದ. ಮತ್ತೆ ಕೊಡುವ ಹಾಗೆ ತೋರಿಸಿದರು, ಮತ್ತೆ ಕೊಡಲಿಲ್ಲ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಟ್ರೈ ಹೊಡೆದೇಬಿಟ್ಟರು. 10-8ರಲ್ಲಿ ಇಂಗ್ಲೆಂಡ್ ಗೆದ್ದಿತು. ಆ ವರ್ಷದ ಐದು ದೇಶಗಳ ಚಾಂಪಿಯನ್‌ಷಿಪ್ಪೂ ಅವರದ್ದೇ.

ಅವರಿಗೆ ಭಯ ಇರಲಿಲ್ಲ ಅಂತ ನಾನು ಹೇಗೆ ಹೇಳಲಿ? ಚೆಂಡು ಮಾತ್ರ ಬಿಡಲಿಲ್ಲ, ಅಷ್ಟೇ.

ನಿನ್ನ ಆಟದ ಬಗ್ಗೆ ಬುದ್ಧಿ ಹೇಳುವಷ್ಟು ತಿಳಿದವನಲ್ಲ ನಾನು. ಆದರೂ ಆ ಸಾಲನ್ನು ಕೋಚ್‌ಗೂ ಹೇಳು. ನಾನು ಯಾರಿಗೂ ಹೇಳಲಿಲ್ಲ, ಅದೇ ತಪ್ಪಾಯ್ತು. ಮೊದಲು ಪ್ರಾಕ್ಟೀಸ್‌ನಲ್ಲಿ, ಗೊತ್ತಿರೋ ಹುಡುಗರ ಜೊತೆ, ಮೆಲ್ಲಗೆ ಟ್ಯಾಕಲ್ ತಗೊಂಡು ನೋಡಬಹುದೇನೋ. ತಲೆನೋವು ಬಂದರೆ ಮಾತ್ರ ಸುಮ್ನೆ ಮುಚ್ಚಿಡಬೇಡ. ನಿಜಕ್ಕೂ ಆಟ ಬೇಡ ಅನಿಸಿದರೆ ಬಿಡು, ನಾನು ಬೇಜಾರು ಮಾಡ್ಕೊಳ್ಳಲ್ಲ. ಭಯಕ್ಕೇ ಬಿಟ್ಟೆಯಾ ಅನ್ನೋದಷ್ಟೇ ನನ್ನ ಸಂಕಟ.

ಶನಿವಾರ ಆಟ ಮುಗಿದ ಮೇಲೆ ಫೋನ್ ಮಾಡು. ಗೆದ್ದಿರಾ, ಸೋತಿರಾ ಕೇಳಲ್ಲ. ಚೆಂಡು ಎಷ್ಟು ಹೊತ್ತು ನಿನ್ನ ಕೈಯಲ್ಲಿತ್ತು, ಅದನ್ನ ಹೇಳು.

ನಿನ್ನ ಮಾವ