ಉರಿಯುವ ಹಸ್ತಲಾಘವ

ಮಾನ್ಯ ಸಂಪಾದಕರೇ,

ರಾಕ್ ಸಂಗೀತದ ಧ್ವನಿಮುದ್ರಿಕೆಗಳ ಹೊದಿಕೆಚಿತ್ರ ಎಂದ ಕೂಡಲೇ ಎಲ್ಲರೂ ಪಿಂಕ್ ಫ್ಲಾಯ್ಡ್ ತಂಡದ 1973ರ ಪಟ್ಟಕದ ಚಿತ್ರವನ್ನೇ ನೆನೆಯುತ್ತಾರೆ. ನನಗೆ ಮಾತ್ರ ಅದೇ ತಂಡ 1975ರಲ್ಲಿ ಹೊರತಂದ ‘ವಿಶ್ ಯು ವರ್ ಹಿಯರ್’ ಮುದ್ರಿಕೆಯ ಹೊದಿಕೆಯೇ ಮಿಗಿಲು. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನ ಚಿತ್ರ ಸ್ಟುಡಿಯೊವೊಂದರ ಆವರಣದಲ್ಲಿ ಸೂಟುಧಾರಿಗಳಿಬ್ಬರು ಕೈಕುಲುಕುತ್ತಿದ್ದಾರೆ. ಒಬ್ಬಾತ ಹೊತ್ತಿ ಉರಿಯುತ್ತಿದ್ದರೂ ತುಸು ಬಾಗಿ, ಮರ್ಯಾದೆ ಬಿಡದೆ ನಿಂತಿದ್ದಾನೆ. ಚಿತ್ರದ ಬಿಳಿ ಅಂಚು ಕೂಡ ಒಂದೆಡೆ ಸುಟ್ಟು ಕರಕಲಾದಂತಿದೆ.

ಇದರಲ್ಲಿ ಕಂಪ್ಯೂಟರಿನ ಕೈಚಳಕವಿಲ್ಲ. ಹೊದಿಕೆಗಳನ್ನು ವಿನ್ಯಾಸಗೊಳಿಸುತ್ತಿದ್ದ ಹಿಪ್ನೋಸಿಸ್ ಸಂಸ್ಥೆಯ ಸ್ಟಾರ್ಮ್ ಥಾರ್ಗರ್ಸನ್ ಕಲ್ಪನೆಗಾಗಿ ಆಬ್ರಿ ಪೊವೆಲ್ ಕ್ಯಾಮೆರಾ ಹಿಡಿದಾಗ, ಸಾಹಸ ಕಲಾವಿದ ರಾನಿ ರಾಂಡೆಲ್ ಬೆಂಕಿ ತಡೆಯುವ ಉಡುಪಿನ ಮೇಲೆ ಸೂಟು ತೊಟ್ಟು ನಿಜವಾಗಿಯೇ ಬೆಂಕಿ ಹಚ್ಚಿಸಿಕೊಂಡರು. ಗಾಳಿ ದಿಕ್ಕು ತಪ್ಪಿ ಬೀಸಿ ಅವರ ಮೀಸೆಯೂ ಸುಟ್ಟಿತು. ಇಷ್ಟು ಪಾಡುಪಟ್ಟು ತೆಗೆದ ಚಿತ್ರವನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಾಣದಂತೆ ಮಾರಾಟಕ್ಕಿಟ್ಟರು (ಎಂಥ ಧೈರ್ಯ!). ಜೊತೆಯಲ್ಲಿ ಇಲ್ಲದವರನ್ನು ನೆನೆದು ಹಾಡಿದ ಮುದ್ರಿಕೆಗೆ ಅದು ತಕ್ಕುದೇ ಆಗಿತ್ತು.

ಈಗ ಮೊಬೈಲಿನ ಹೆಬ್ಬೆರಳಗಲದ ಚೌಕದಲ್ಲಿ ಆ ಸುಟ್ಟ ಅಂಚು ಕಾಣುವುದೇ ಇಲ್ಲ. ತಮ್ಮ ಭಾನುವಾರದ ಪುರವಣಿಯಲ್ಲಿ ಇಂಥ ಹೊದಿಕೆಗಳನ್ನು ದೊಡ್ಡದಾಗಿ ಅಚ್ಚುಹಾಕಿ, ಅವುಗಳ ಹಿನ್ನೆಲೆ ತಿಳಿಸುವ ಲೇಖನಗಳನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ, ಮೈಸೂರು