ಸಿ ಸೀಟಾ, ಪಿ ಸೀಟಾ? ಅದನ್ನೊಮ್ಮೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಮಾರ್ಚ್ ಮೂರನೇ ವಾರ ನಮ್ಮ ಮೆಡಿಕಲ್ ಕಾಲೇಜುಗಳ ವಾಟ್ಸ್‌ಆಪ್ ಗ್ರೂಪುಗಳಲ್ಲಿ ಒಂದೇ ಸುದ್ದಿ. ಯಾರಿಗೆ ಅಮೆರಿಕದಲ್ಲಿ ಮ್ಯಾಚ್ ಆಯ್ತು, ಯಾರಿಗೆ ಆಗಲಿಲ್ಲ. ಮ್ಯಾಚ್ ಅಂದರೆ ಅಭ್ಯರ್ಥಿಗಳೂ ಆಸ್ಪತ್ರೆಗಳೂ ಕೊಟ್ಟ ಇಷ್ಟದ ಲಿಸ್ಟ್‌ಗಳನ್ನು ಕಂಪ್ಯೂಟರ್ ಹೊಂದಿಸಿ ತರಬೇತಿ ಸೀಟು ಹಂಚುವ ಪದ್ಧತಿ. ಪತ್ರಿಕೆಗಳಲ್ಲೂ ಫೋಟೊ ಬರುತ್ತದೆ, ‘ನಮ್ಮೂರ ಹುಡುಗಿಗೆ ಅಮೆರಿಕದಲ್ಲಿ ಸರ್ಜರಿ ಸೀಟು’ ಅಂತ. ನೋಡಿದರೆ ಖುಷಿಯಾಗುತ್ತದೆ. ಆದರೆ ಆ ಸೀಟು ಐದು ವರ್ಷದ್ದಾ, ಒಂದೇ ವರ್ಷದ್ದಾ ಅನ್ನುವುದನ್ನು ಯಾರೂ ಬರೆಯುವುದಿಲ್ಲ. ಆ ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಳ್ಳದೆ ನಾನು ಎರಡು ವರ್ಷ ಕಳೆದುಕೊಂಡೆ. ಅದಕ್ಕೇ ಈ ಪತ್ರ.

ನಾನು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿದವಳು. ಈಗ ಓಹಿಯೊದ ಒಂದು ಸಣ್ಣ ಊರಿನಲ್ಲಿ ಜನರಲ್ ಸರ್ಜರಿ ರೆಸಿಡೆನ್ಸಿಯ (ಇಲ್ಲಿನ ಪಿಜಿ ತರಬೇತಿ) ನಾಲ್ಕನೇ ವರ್ಷದಲ್ಲಿದ್ದೇನೆ. ಇಲ್ಲಿ ಸರ್ಜರಿಗೆ ಎರಡು ಬಗೆಯ ಸೀಟು. ಕೆಟಗಾರಿಕಲ್ ಅಂದರೆ ಪೂರ್ತಿ ಐದು ವರ್ಷ, ಮುಗಿಸಿ ಬೋರ್ಡ್ ಪರೀಕ್ಷೆ ಪಾಸಾದರೆ ನೀವು ಸರ್ಜನ್. ಪ್ರಿಲಿಮಿನರಿ ಅಂದರೆ ಒಂದೇ ವರ್ಷ. ರೇಡಿಯಾಲಜಿ, ಅನಸ್ತೇಷಿಯಾ ಸೀಟು ಮೊದಲೇ ಕೈಯಲ್ಲಿರುವವರು ಈ ಒಂದು ವರ್ಷ ಮುಗಿಸಿ ತಮ್ಮ ಪಾಡಿಗೆ ಹೋಗುತ್ತಾರೆ, ಅವರಿಗೇನೂ ತೊಂದರೆಯಿಲ್ಲ. ಮುಂದೆ ಯಾವ ಸೀಟೂ ಇಲ್ಲದೆ ಬರುವವರ ಕಥೆ ಬೇರೆ, ಮತ್ತು ಅವರಲ್ಲಿ ನಮ್ಮ ಹಾಗೆ ಹೊರದೇಶದಲ್ಲಿ ಓದಿದವರು ಬಹಳ. ರ‍್ಯಾಂಕ್ ಲಿಸ್ಟ್, ಅಂದರೆ ಇಷ್ಟದ ಕ್ರಮದಲ್ಲಿ ಆಸ್ಪತ್ರೆಗಳ ಪಟ್ಟಿ, ಮಾಡುವಾಗ ಎರಡಕ್ಕೂ ಬೇರೆ ಬೇರೆ ಕೋಡ್ ಇರುತ್ತದೆ. ನೋಡಲು ಹೆಚ್ಚುಕಮ್ಮಿ ಒಂದೇ ಥರ, ಒಂದರಲ್ಲಿ ಸಿ ಅಕ್ಷರ, ಇನ್ನೊಂದರಲ್ಲಿ ಪಿ, ಅಷ್ಟೇ.

ಲಿಸ್ಟ್ ಕೊಡುವ ಗಡುವಿನ ಹಿಂದಿನ ರಾತ್ರಿ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ನನ್ನ ಹತ್ತಿರ ಇದ್ದದ್ದು ಆರು ಹೆಸರು. ಎರಡು ಸಣ್ಣ ಊರಿನ ಆಸ್ಪತ್ರೆಗಳ ಸಿ, ನಾಲ್ಕು ದೊಡ್ಡ ಯೂನಿವರ್ಸಿಟಿಗಳ ಪಿ. ಒಂದು ದೊಡ್ಡ ಕಡೆ ಇಂಟರ್‌ವ್ಯೂನಲ್ಲಿ ‘ಚೆನ್ನಾಗಿ ಕೆಲಸ ಮಾಡುವವರನ್ನು ನಾವು ಇಲ್ಲೇ ಉಳಿಸಿಕೊಳ್ಳುತ್ತೇವೆ’ ಅಂದಿದ್ದರು. ದುಡ್ಡು ಕೊಟ್ಟು ಸಲಹೆ ಕೇಳುತ್ತಿದ್ದ ಬೆಂಗಳೂರಿನ ಕನ್ಸಲ್ಟೆಂಟ್ ಕೂಡ ‘ಹೆಸರು ಮುಖ್ಯ ಮೇಡಂ, ಒಂದ್ಸಲ ಒಳಗೆ ಹೋದರೆ ಆಯ್ತು’ ಅಂದ. ಅಪ್ಪನಿಗೂ ಆ ಯೂನಿವರ್ಸಿಟಿ ಹೆಸರು ಗೊತ್ತಿತ್ತು. ಫೋನಿನಲ್ಲಿ ‘ಅದಾದ್ರ ಊರಾಗ ಹೇಳಾಕೂ ಚಲೋ ಅನಿಸ್ತೈತಿ ನೋಡವಾ’ ಅಂದರು. ಆ ಪಿಯನ್ನು ಎಳೆದು ಒಂದನೇ ನಂಬರಿಗೆ ಕೂರಿಸಿದೆ. ಅದೇ ಸಿಕ್ಕಿತು.

ಅಲ್ಲಿ ನಾವು ಎಂಟು ಜನ ಪ್ರಿಲಿಮ್‌ಗಳಿದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ಬಂದು ಪೇಷಂಟ್ ಲಿಸ್ಟ್ ತಯಾರು ಮಾಡುವವರು ನಾವು, ಡ್ರೆಸ್ಸಿಂಗ್ ಬದಲಿಸುವವರು ನಾವು, ಡಿಸ್ಚಾರ್ಜ್ ಕಾಗದ ಬರೆಯುವವರು ನಾವು. ಏಳೂವರೆಗೆ ಆಪರೇಷನ್ ಥಿಯೇಟರಿಗೆ ಹೋಗುವವರು ಮಾತ್ರ ಬೇರೆಯವರು. ವರ್ಷದ ಕೊನೆಗೆ ಕೇಸ್ ಲಾಗ್ (ಮಾಡಿದ ಆಪರೇಷನ್‌ಗಳ ದಾಖಲೆ) ತೆಗೆದು ನೋಡಿದರೆ ನನ್ನ ಹೆಸರಲ್ಲಿ 60 ಕೇಸೂ ಇರಲಿಲ್ಲ. ಮುಂದಿನ ವರ್ಷಕ್ಕೆ ಮತ್ತೊಂದು ಪ್ರಿಲಿಮ್ ಕೊಟ್ಟರು, ಈ ಸಲ ಖಂಡಿತ ಉಳಿಸಿಕೊಳ್ಳುತ್ತಾರೆ ಅಂತ ಅದನ್ನೂ ಮಾಡಿದೆ. ಒಂದು ರಾತ್ರಿ ಡ್ಯೂಟಿಯಲ್ಲಿ ಅಲ್ಲಿನ ಸೀನಿಯರ್ ರೆಸಿಡೆಂಟ್ ಒಬ್ಬರನ್ನು, ನಮಗಿಂತ ಮುಂಚೆ ಇದ್ದ ಪ್ರಿಲಿಮ್‌ಗಳು ಈಗ ಎಲ್ಲಿದ್ದಾರೆ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಒಬ್ಬರ ಹೆಸರೂ ಅವರಿಗೆ ನೆನಪಾಗಲಿಲ್ಲ.

ಆ ಪ್ರಶ್ನೆಯನ್ನು ನಾನು ಇಂಟರ್‌ವ್ಯೂ ದಿನವೇ ಕೇಳಬೇಕಿತ್ತು.

ಎರಡು ವರ್ಷ ತಾನೇ, ಹೋದರೆ ಹೋಗಲಿ ಅನ್ನಬಹುದು. ವೀಸಾ ಲೆಕ್ಕ ಹಾಗೆ ಬಿಡುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಬರುವುದು ಜೆ-1 ವೀಸಾದಲ್ಲಿ, ಅದರಲ್ಲಿ ತರಬೇತಿಗೆ ಸಾಮಾನ್ಯವಾಗಿ ಸಿಗುವುದು ಒಟ್ಟು ಏಳು ವರ್ಷ. ಐದು ವರ್ಷ ರೆಸಿಡೆನ್ಸಿ, ಅದಾದ ಮೇಲಿನ ವಿಶೇಷ ತರಬೇತಿಯಾದ ಫೆಲೋಶಿಪ್ ಎರಡು ವರ್ಷ, ಸರಿಹೋಗುತ್ತದೆ. ನನ್ನದು ಪ್ರಿಲಿಮ್ ಎರಡು, ರೆಸಿಡೆನ್ಸಿ ಐದು, ಅಲ್ಲಿಗೇ ಏಳು. ಎಂಬಿಬಿಎಸ್ ಕಾಲದಿಂದ ಕ್ಯಾನ್ಸರ್ ಸರ್ಜರಿ ಮಾಡಬೇಕು ಅಂತಿದ್ದವಳು ನಾನು, ಆ ಫೆಲೋಶಿಪ್ಪೇ ಎರಡು ವರ್ಷ, ಈಗ ಅದಕ್ಕೆ ಜಾಗವೇ ಉಳಿದಿಲ್ಲ. ಅದರ ಮೇಲೆ ಜೆ-1ರಲ್ಲಿ ತರಬೇತಿ ಮುಗಿದ ಮೇಲೆ ಎರಡು ವರ್ಷ ಊರಿಗೆ ವಾಪಸ್ ಹೋಗಿರಬೇಕು, ಇಲ್ಲವೇ ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಿ ವಿನಾಯಿತಿ ಪಡೆಯಬೇಕು. ಆ ಬಗೆಯ ಕಾನ್ರಾಡ್ ವಿನಾಯಿತಿ ಒಂದು ರಾಜ್ಯಕ್ಕೆ ವರ್ಷಕ್ಕೆ 30 ಮಾತ್ರ. ಇನ್ನೊಂದು ದಾರಿ ಎಚ್-1ಬಿ ಅನ್ನುವ ಕೆಲಸದ ವೀಸಾ. ಅದನ್ನು ಕೊಡುವ ಸರ್ಜರಿ ವಿಭಾಗಗಳು ಮೊದಲೇ ಕಡಿಮೆ, ಅದಕ್ಕೆ ಇಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯ ಕೊನೆಯ ಹಂತವಾದ ಸ್ಟೆಪ್ 3 ಬೇರೆ ಮುಗಿಸಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಅಂತ ಆದೇಶ ಬಂದ ಮೇಲೆ ಅದನ್ನು ನಂಬಿಕೊಂಡು ಲಿಸ್ಟ್ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ಸುಳ್ಳು ಸಲಹೆ ತುಂಬಾ ಓಡಾಡುತ್ತಿದೆ. ‘ನಿಮ್ಮನ್ನು ಗ್ಯಾರಂಟಿ ತೆಗೆದುಕೊಳ್ಳುವವರನ್ನು ಮೇಲೆ ಹಾಕಿ, ಇಲ್ಲದಿದ್ದರೆ ಎರಡೂ ಹೋಗುತ್ತದೆ’ ಅನ್ನುವುದು. ಇದು ತಪ್ಪು. ಸಿಇಟಿ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ, ಇಷ್ಟವಾದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದ್ದಕ್ಕೆ ನಷ್ಟವಿಲ್ಲ ಅಲ್ವಾ? ಇಲ್ಲೂ ಹಾಗೇ. ವ್ಯತ್ಯಾಸ ಇಷ್ಟೇ, ಇಲ್ಲಿ ಪ್ರತಿ ಆಸ್ಪತ್ರೆಯೂ ನಮ್ಮ ಬಗ್ಗೆ ತನ್ನದೇ ಒಂದು ಲಿಸ್ಟ್ ಮಾಡುತ್ತದೆ. ಕಂಪ್ಯೂಟರ್ ನಿಮ್ಮ ಲಿಸ್ಟಿನ ಮೇಲಿನಿಂದ ಶುರು ಮಾಡುತ್ತದೆ, ಒಂದನೆಯದು ಸಿಗದಿದ್ದರೆ ಎರಡನೆಯದಕ್ಕೆ ಬರುತ್ತದೆ, ಅಲ್ಲಿ ನಿಮ್ಮ ಜಾಗ ಮೊದಲು ಹೇಗಿತ್ತೋ ಹಾಗೇ ಇರುತ್ತದೆ. 1998ರಿಂದ ಮ್ಯಾಚ್ ನಡೆಯುವುದು ಹೀಗೆ, ಅಭ್ಯರ್ಥಿಯ ಇಷ್ಟವೇ ಮೊದಲು. ಇದನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ ಇಂಥ ಕೆಲಸಕ್ಕೇ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಂಟರ್‌ವ್ಯೂ ಆದ ಮೇಲೆ ‘ನೀವು ನಮಗೆ ಬಹಳ ಹಿಡಿಸಿದಿರಿ’ ಅಂತ ಬರುವ ಮೇಲ್‌ಗಳನ್ನು ನೋಡಿ ಲಿಸ್ಟ್ ತಿರುಗಿಸಬೇಡಿ, ಅದು ಯಾವ ಭರವಸೆಯೂ ಅಲ್ಲ. ಮತ್ತೆ ಹೋಗಲು ಮನಸ್ಸಿಲ್ಲದ ಜಾಗವನ್ನು ಹಾಕಲೇಬೇಡಿ, ಮ್ಯಾಚ್ ಆದರೆ ಹೋಗಲೇಬೇಕು, ಅದು ಒಪ್ಪಂದ.

ಪ್ರಿಲಿಮ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಎರಡನೇ ವರ್ಷದವರು ಯಾರೋ ಬಿಟ್ಟು ಹೋದಾಗ ಆ ಖಾಲಿ ಜಾಗಕ್ಕೆ ಪ್ರಿಲಿಮ್ ಒಬ್ಬರನ್ನು ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಆದರೆ ಸಿ ಒಂದೇ ಒಂದಿದ್ದರೂ, ಅದು ಹೆಸರು ಕೇಳದ ಊರಿನದ್ದಾದರೂ, ಎಲ್ಲ ಪಿಗಳಿಗಿಂತ ಮೇಲೆ ಹಾಕಿ. ಪಿ ಹಾಕುವ ಮೊದಲು ಅಲ್ಲಿ ಈಗಿರುವ ಪ್ರಿಲಿಮ್‌ಗಳ ಜೊತೆಗೇ ಮಾತಾಡಿ, ಡೈರೆಕ್ಟರ್ ಜೊತೆ ಮಾತಾಡಿದ್ದು ಸಾಲದು. ಕಳೆದ ಮೂರು ವರ್ಷದವರು ಒಬ್ಬೊಬ್ಬರೂ ಎಲ್ಲಿದ್ದಾರೆ ಕೇಳಿ. ಸಿ ಸೀಟಿನವರನ್ನಾದರೆ ಕೇಸ್ ಲೆಕ್ಕ ಕೇಳಿ. ಐದು ವರ್ಷಕ್ಕೆ ಕನಿಷ್ಠ 850 ದೊಡ್ಡ ಕೇಸು ಆಗಬೇಕು, ಅದರಲ್ಲಿ 200 ಕೊನೆಯ ವರ್ಷದಲ್ಲಿ. ಮೂರನೇ ವರ್ಷದವರಿಗೆ ಈಗಾಗಲೇ ಎಷ್ಟಾಗಿದೆ, ಫೆಲೋಗಳು ಇರುವ ಕಡೆ ನೈಫ್ ಯಾರ ಕೈಯಲ್ಲಿರುತ್ತದೆ, ಇವನ್ನೆಲ್ಲ ಸಂಕೋಚ ಬಿಟ್ಟು ಕೇಳಿ. ಬೋರ್ಡ್ ಪರೀಕ್ಷೆಯಲ್ಲಿ ಯಾವ ಆಸ್ಪತ್ರೆಯವರು ಎಷ್ಟು ಜನ ಪಾಸು ಅನ್ನುವುದನ್ನು ಅಮೆರಿಕನ್ ಬೋರ್ಡ್ ಆಫ್ ಸರ್ಜರಿಯೇ ಪ್ರಕಟಿಸುತ್ತದೆ, ಅದನ್ನೂ ನೋಡಿ.

ಎರಡನೇ ಸಲ ಮ್ಯಾಚ್‌ಗೆ ಕೂತಾಗ ನಾನು ಒಂದನೇ ನಂಬರಿಗೆ ಹಾಕಿದ್ದು ಈ ಸಣ್ಣ ಊರನ್ನು. ಸುತ್ತ ಜೋಳದ ಹೊಲ, ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡು ಬರುವ ರೈತರು, ಹರ್ನಿಯಾ, ಗಾಲ್‌ಬ್ಲ್ಯಾಡರ್. ಬಂದ ಮೊದಲ ತಿಂಗಳಲ್ಲೇ ಒಂದು ಹರ್ನಿಯಾ ಕೇಸಿನಲ್ಲಿ ಸೀನಿಯರ್ ಸರ್ಜನ್ ಟೇಬಲ್ಲಿನ ಆಚೆ ಬದಿಗೆ ಹೋಗಿ ನಿಂತು, ನನ್ನನ್ನು ತೋರಿಸಿ ‘ನೈಫ್ ಇವರಿಗೆ ಕೊಡಿ’ ಅಂತ ನರ್ಸ್‌ಗೆ ಹೇಳಿದರು. ಎರಡು ವರ್ಷ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿದ್ದೆ, ಅಲ್ಲಿ ಒಂದು ಸಲವೂ ಯಾರೂ ಹಾಗೆ ಹೇಳಿರಲಿಲ್ಲ. ಕಳೆದ ತಿಂಗಳು ನನ್ನ ಲೆಕ್ಕ 850 ದಾಟಿತು.

ಸಂಪಾದಕರೇ, ಮುಂದಿನ ಮಾರ್ಚ್‌ನಲ್ಲಿ ಇಂಥ ಸುದ್ದಿ ಹಾಕುವಾಗ ಸೀಟು ಎಷ್ಟು ವರ್ಷದ್ದು ಅಂತ ಒಂದು ಸಾಲು ಸೇರಿಸಿ. ಮನೆಯಲ್ಲಿ ಹೊಲದ ಮೇಲೆ ಸಾಲ ಮಾಡಿ ಮಕ್ಕಳನ್ನು ಕಳಿಸುವ ಅಪ್ಪ-ಅಮ್ಮಂದಿರು ಓದುವುದು ನಿಮ್ಮ ಪತ್ರಿಕೆಯನ್ನೇ.

ಹುಬ್ಬಳ್ಳಿಯ ಒಬ್ಬ ಸರ್ಜರಿ ರೆಸಿಡೆಂಟ್, ಓಹಿಯೊ